ಬೆನ್ನುಹುರಿಗೆ ಪೆಟ್ಟಾದ ಮೇಲೆ ಆಟ: ನಡಿಗೆ ಬರುವವರೆಗೆ ಕಾಯಬೇಕೇ?

ಪ್ರಶ್ನೆ: ನಾನು ಪುತ್ತೂರು ತಾಲ್ಲೂಕಿನವನು, ವಯಸ್ಸು 29. ಹದಿನಾಲ್ಕು ತಿಂಗಳ ಹಿಂದೆ ಅಡಿಕೆಗೆ ಮದ್ದು ಬಿಡುವಾಗ ಮರದಿಂದ ಬಿದ್ದು ಬೆನ್ನುಮೂಳೆ ಮುರಿಯಿತು. ರಾಡು, ಸ್ಕ್ರೂ ಹಾಕಿ ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ವರದಿಯಲ್ಲಿ ‘ಟಿ10, ಪೂರ್ಣ’ ಎಂದು ಬರೆದಿದೆ. ಹೊಕ್ಕುಳಿನಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಕೈಗಳು ಗಟ್ಟಿಯಾಗಿವೆ, ಗಾಲಿಕುರ್ಚಿಯನ್ನು ನಾನೇ ತಳ್ಳಿಕೊಳ್ಳುತ್ತೇನೆ. ಮೊದಲು ಊರಿನ ತಂಡದಲ್ಲಿ ವಾಲಿಬಾಲ್ ಆಡುತ್ತಿದ್ದೆ. ಈಗ ಆಟದ ಮಾತೆತ್ತಿದರೆ ಅಪ್ಪ, ‘ಮೊದಲು ನಡೆಯುವಂತಾಗಲಿ, ಆಟ ಆಮೇಲೆ ನೋಡೋಣ’ ಎನ್ನುತ್ತಾರೆ. ಕುಳಿತು ಆಡುವ ವಾಲಿಬಾಲ್‌ನ ವಿಡಿಯೊ ನೋಡಿದೆ. ಅದನ್ನು ನಾನು ಆಡಬಹುದೇ? ಬೇರೆ ಯಾವ ಆಟ, ಹವ್ಯಾಸ ಸಾಧ್ಯ? ಪದಕ ಗೆಲ್ಲುವ ಆಸೆ ನನಗಿಲ್ಲ. ಸಂಜೆಯ ಹೊತ್ತು ಕಳೆಯುವುದೇ ಕಷ್ಟವಾಗಿದೆ.

ಉತ್ತರ: ನೀವು ಆಡಬಹುದು, ಕಾಯಬೇಕಾಗಿಲ್ಲ. ಕುಳಿತು ಆಡುವ ವಾಲಿಬಾಲ್ ಮಾತ್ರ ನಿಮಗೆ ಬೇಡ ಎಂದು ನನ್ನ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ತಂದೆಯವರ ಮಾತಿಗೆ ಬರೋಣ, ಏಕೆಂದರೆ ಬೆನ್ನುಹುರಿಯ ಗಾಯವಾದ ಯುವಕರ ಮನೆಗಳಲ್ಲಿ ಹೆಚ್ಚಾಗಿ ಕೇಳುವ ಮಾತು ಇದೇ.

ವರದಿಯ ‘ಟಿ10’ ಎಂದರೆ ಬೆನ್ನುಹುರಿಯ ಎದೆಭಾಗದ ಹತ್ತನೆಯ ಮಟ್ಟ, ‘ಪೂರ್ಣ’ ಎಂದರೆ ಅದರ ಕೆಳಗೆ ಸ್ಪರ್ಶವೂ ಚಲನೆಯೂ ಉಳಿದಿಲ್ಲ ಎಂದು. ಗಾಯವಾಗಿ ಒಂದು ವರ್ಷ ಕಳೆದ ಮೇಲೂ ಅದು ಪೂರ್ಣ ಗಾಯವಾಗಿಯೇ ಉಳಿದಿದ್ದರೆ, ಕಾಲುಗಳಿಗೆ ನಡೆಯುವಷ್ಟು ಶಕ್ತಿ ಮರಳುವ ಸಂಭವ ತೀರಾ ಕಡಿಮೆ. ಇದನ್ನು ನಿಮಗೆ ಯಾರಾದರೂ ನೇರವಾಗಿ ಹೇಳಿದ್ದಾರೋ ಇಲ್ಲವೋ ಪತ್ರದಿಂದ ತಿಳಿಯುವುದಿಲ್ಲ. ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿ, ವಾಕರ್ ಹಿಡಿದು ನಿಲ್ಲುವುದನ್ನೂ ಮನೆಯೊಳಗೆ ನಾಲ್ಕು ಹೆಜ್ಜೆ ಹಾಕುವುದನ್ನೂ ನಿಮ್ಮ ಮಟ್ಟದ ಗಾಯದವರು ಕಲಿಯಬಲ್ಲರು. ಅದು ಒಳ್ಳೆಯ ವ್ಯಾಯಾಮ, ಮುಂದುವರಿಸಿ. ಆದರೆ ಆ ನಡಿಗೆಗೆ ಕೈಗಳ ಶಕ್ತಿಯೆಲ್ಲ ಖರ್ಚಾಗುತ್ತದೆ, ಎರಡು ಕೈಗಳೂ ವಾಕರ್‌ಗೇ ಮೀಸಲಾಗುತ್ತವೆ. ಅದರಿಂದ ಆಟದಂಗಳಕ್ಕೆ ದಾರಿ ತೆರೆಯುವುದಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತಾಗ ಕೈಗಳು ಬಿಡುವಾಗಿರುತ್ತವೆ, ವೇಗವೂ ಸಿಗುತ್ತದೆ. ನಡಿಗೆಗಾಗಿ ಆಟವನ್ನು ಮುಂದೂಡುತ್ತಾ ಹೋದವರಲ್ಲಿ ಹಲವರು ಎರಡು ಮೂರು ವರ್ಷಗಳಲ್ಲಿ ಮೈ ತೂಕ ಏರಿಸಿಕೊಂಡು, ಹೆಗಲು ಬಿಗಿದುಕೊಂಡು, ಗೆಳೆಯರ ಬಳಗವನ್ನೂ ಕಳೆದುಕೊಂಡಿರುತ್ತಾರೆ. ಈ ಮೂರರಲ್ಲಿ ಮರಳಿ ಪಡೆಯಲು ಅತಿ ಕಷ್ಟವಾದದ್ದು ಬಳಗ.

ತಂದೆಯವರಿಗೆ ಒಂದು ಇತಿಹಾಸವನ್ನು ಹೇಳಬಹುದು. ಎರಡನೆಯ ಮಹಾಯುದ್ಧದ ಕಾಲದವರೆಗೂ ಬೆನ್ನುಹುರಿ ಮುರಿದವರು ಒತ್ತಡದ ಹುಣ್ಣು, ಮೂತ್ರದ ಸೋಂಕುಗಳಿಂದ ಬೇಗನೆ ಸಾಯುತ್ತಿದ್ದರು. ಅವರನ್ನು ಮಲಗಿಸಿ ಇಡುವುದೇ ಚಿಕಿತ್ಸೆಯಾಗಿತ್ತು. ಜರ್ಮನಿಯಿಂದ ಓಡಿಬಂದಿದ್ದ ಯಹೂದಿ ನರವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗ ತೆರೆದಾಗ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿದರು, ಕೈಗೆ ಚೆಂಡು ಕೊಟ್ಟರು, ಬಿಲ್ಲು ಕೊಟ್ಟರು. ಆಟವನ್ನು ಅವರು ಔಷಧಿಯ ಚೀಟಿಯಲ್ಲಿ ಬರೆಯುವಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆ ಆಸ್ಪತ್ರೆಯ ಆವರಣದಲ್ಲಿ ಗಾಯಾಳು ಸೈನಿಕರು ಬಿಲ್ವಿದ್ಯೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ನಮ್ಮವರೇ ಆದ ಮುರಳಿಕಾಂತ್ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗೆ ಶಕ್ತಿ ಕಳೆದುಕೊಂಡ ಸೈನಿಕ. ಚಿಕಿತ್ಸೆಯ ಭಾಗವಾಗಿ ನೀರಿಗಿಳಿದವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನ ಚಿನ್ನ ಗೆದ್ದರು. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ಅದು. ಅವರು ನಡಿಗೆಗಾಗಿ ಕಾಯಲಿಲ್ಲ.

ಪದಕದ ಕಥೆಗಳನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಪತ್ರಿಕೆಗಳು ಗಾಲಿಕುರ್ಚಿಯವರನ್ನು ಎರಡೇ ವೇಷಗಳಲ್ಲಿ ತೋರಿಸುತ್ತವೆ: ಒಂದೋ ಕನಿಕರಕ್ಕೆ ಪಾತ್ರ, ಇಲ್ಲವೇ ಚಿನ್ನ ಗೆದ್ದ ವೀರ. ನಡುವೆ ಸಂಜೆ ಒಂದು ಗಂಟೆ ಆಡಿ, ಸೋತು, ಗೆಳೆಯರೊಡನೆ ಜಗಳವಾಡಿ, ಚಹಾ ಕುಡಿದು ಮನೆಗೆ ಬರುವ ಮನುಷ್ಯನೂ ಇರಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ನೀವು ಕೇಳಿರುವುದು ಅದನ್ನೇ ಎಂದು ತಿಳಿದು ಉತ್ತರಿಸುತ್ತಿದ್ದೇನೆ.

ಕುಳಿತು ಆಡುವ ವಾಲಿಬಾಲ್ ಏಕೆ ಬೇಡ ಎಂದರೆ, ಅದು ನೆಲದ ಮೇಲೆ ಕುಳಿತು ಆಡುವ ಆಟ. 10 ಮೀಟರ್ ಉದ್ದ, 6 ಮೀಟರ್ ಅಗಲದ ಅಂಗಣ. ಗಂಡಸರಿಗೆ ಬಲೆಯ ಎತ್ತರ 1.15 ಮೀಟರ್. ಆಟಗಾರರು ಕೈಗಳಿಂದ ನೆಲವನ್ನು ಒತ್ತಿ, ಪೃಷ್ಠದ ಮೇಲೆ ಜಾರುತ್ತಾ ಚೆಂಡಿನತ್ತ ಸಾಗುತ್ತಾರೆ. ಕಾಲು ಕಳೆದುಕೊಂಡವರಿಗೆ, ಪೋಲಿಯೊ ಆದವರಿಗೆ ಅದು ಹೇಳಿ ಮಾಡಿಸಿದ ಆಟ, ಏಕೆಂದರೆ ಅವರಿಗೆ ಸ್ಪರ್ಶ ಇರುತ್ತದೆ. ಚರ್ಮ ಉರಿದರೆ ಅವರಿಗೆ ಗೊತ್ತಾಗುತ್ತದೆ, ನಿಲ್ಲಿಸುತ್ತಾರೆ. ನಿಮಗೆ ಗೊತ್ತಾಗುವುದಿಲ್ಲ. ಕುಳಿತುಕೊಳ್ಳುವ ಮೂಳೆಯ ಮೇಲಿನ ಚರ್ಮ ನೆಲಕ್ಕೆ ಉಜ್ಜಿ ಒಂದೇ ಸಂಜೆಯಲ್ಲಿ ಸುಲಿದುಹೋಗಬಹುದು. ಆ ಹುಣ್ಣು ಮಾಯಲು ತಿಂಗಳುಗಟ್ಟಲೆ ಕವುಚಿ ಮಲಗಬೇಕಾಗುತ್ತದೆ. ಸೊಂಟದ ಹಿಡಿತವೂ ನಿಮಗೆ ಅರ್ಧವೇ ಇರುವುದರಿಂದ ಕೈಯೆತ್ತಿ ಹೊಡೆಯುವಾಗ ಉರುಳುತ್ತೀರಿ. ನಿಯಮದ ಪ್ರಕಾರ ನಿಮಗೆ ಅವಕಾಶ ಇರಬಹುದು, ಆದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಹಾಗಾದರೆ ಏನು? ನನ್ನ ಮೊದಲ ಸಲಹೆ ಶಟಲ್ ಬ್ಯಾಡ್ಮಿಂಟನ್. ನಿಮ್ಮ ಕಡೆ ತಗಡಿನ ಮಾಡಿನ ಒಳಾಂಗಣ ಶಟಲ್ ಕೋರ್ಟ್ ಇಲ್ಲದ ಪೇಟೆ ಸಿಗುವುದು ಕಷ್ಟ. ಆಡುವವರೂ ನಿಮ್ಮ ಓರಗೆಯವರೇ. ವಾಲಿಬಾಲ್‌ನಲ್ಲಿ ಹೊಡೆತಕ್ಕೆ ಪಳಗಿದ ನಿಮ್ಮ ಭುಜ, ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸುವ ಕಣ್ಣು, ಎರಡೂ ಇಲ್ಲಿ ಕೆಲಸಕ್ಕೆ ಬರುತ್ತವೆ. ಗಾಲಿಕುರ್ಚಿ ಬ್ಯಾಡ್ಮಿಂಟನ್‌ನ ಸಿಂಗಲ್ಸ್‌ನಲ್ಲಿ ಅಂಗಣದ ಅಗಲದ ಅರ್ಧವನ್ನು ಮಾತ್ರ ಬಳಸುತ್ತಾರೆ. ಬಲೆಗೂ ಸರ್ವಿಸ್ ಗೆರೆಗೂ ನಡುವಿನ ಜಾಗದಲ್ಲಿ ಬಿದ್ದ ಶಟಲ್ ಔಟ್. ಹಾಗಾಗಿ ಬಲೆಯ ಬುಡಕ್ಕೆ ಹಾಕುವ ಡ್ರಾಪ್‌ನ ಕಾಟ ಇಲ್ಲ. ಆಟವೆಲ್ಲ ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸುವುದರಲ್ಲೇ ಇದೆ. ಹಿಂದಕ್ಕೆ ಹೋಗುತ್ತಾ ತಲೆಯ ಮೇಲಿನಿಂದ ಹೊಡೆಯುವುದನ್ನು ಕಲಿಯಲು ಸಮಯ ಬೇಕು, ಅದನ್ನು ಕಲಿತರೆ ಅರ್ಧ ಆಟ ಬಂದಂತೆ.

ಎದುರಾಳಿ ಗಾಲಿಕುರ್ಚಿಯಲ್ಲೇ ಇರಬೇಕೆಂದಿಲ್ಲ. ಗೆಳೆಯ ನಿಂತೇ ಆಡಲಿ, ಅವನಿಗೂ ಅದೇ ಅರ್ಧ ಅಂಗಣದ ನಿಯಮ ಹಾಕಿ. ಬೇಕೆಂದೇ ಸೋತುಕೊಡುವ ಗೆಳೆಯನನ್ನು ಮಾತ್ರ ಎರಡನೆಯ ಸಲ ಕರೆಯಬೇಡಿ. ಅಂಗಣದ ಮಾಲೀಕರು ನೆಲಹಾಸು ಹಾಳಾಗುತ್ತದೆ ಎಂದು ಅಳುಕಬಹುದು. ಬೂದು ಬಣ್ಣದ, ಗುರುತು ಮೂಡಿಸದ ಟಯರ್ ಹಾಕಿಸಿ, ಚಕ್ರ ಒರೆಸಿಕೊಂಡು ಒಳಗೆ ಹೋದರೆ ಆ ತಕರಾರಿಗೆ ಆಸ್ಪದವಿರುವುದಿಲ್ಲ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತನ್ನು ಅವರು ಕೊಡಲು ಬರಬಹುದು, ಒಪ್ಪಿಕೊಳ್ಳಬೇಡಿ. ನಿಮ್ಮ ಗೆಳೆಯರು ಬರುವುದು ಸಂಜೆ.

ಟೇಬಲ್ ಟೆನಿಸ್ ಇನ್ನೂ ಸುಲಭ, ಮಳೆಗಾಲದ ನಾಲ್ಕು ತಿಂಗಳಿಗೆ ಅದೇ ಸರಿ. ಮೇಜು ಕೊಳ್ಳುವುದಾದರೆ ಅದರ ಕಾಲುಗಳು ಅಂಚಿನಿಂದ ಕನಿಷ್ಠ 40 ಸೆಂಟಿಮೀಟರ್ ಒಳಗಿರಬೇಕು, ಇಲ್ಲದಿದ್ದರೆ ಮೊಣಕಾಲು ಬಡಿಯುತ್ತದೆ. ಬಡಿದದ್ದು ನಿಮಗೆ ತಿಳಿಯುವುದೂ ಇಲ್ಲ. ಒಂದು ನಿಯಮ ನೆನಪಿಡಿ: ಗಾಲಿಕುರ್ಚಿಯ ಆಟಗಾರನಿಗೆ ಮಾಡಿದ ಸರ್ವಿಸ್ ಅವನ ಕಡೆ ಪುಟಿದು ಪಕ್ಕದ ಅಂಚಿನಿಂದ ಹೊರಗೆ ಹೋದರೆ ಅದು ಲೆಟ್, ಮತ್ತೆ ಸರ್ವಿಸ್ ಮಾಡಬೇಕು. ಗೆಳೆಯರಿಗೆ ಇದನ್ನು ಮೊದಲ ದಿನವೇ ಹೇಳಿ.

ಒಬ್ಬರೇ ಅಭ್ಯಾಸ ಮಾಡಬಹುದಾದದ್ದು ಗುಂಡು, ಭರ್ಜಿ, ಡಿಸ್ಕಸ್ ಎಸೆತ. ಇದಕ್ಕೆ ಗಾಲಿಕುರ್ಚಿಯೂ ಬೇಡ. ಕಬ್ಬಿಣದ ಎಸೆತದ ಕುರ್ಚಿಯನ್ನು ನೆಲಕ್ಕೆ ಹಗ್ಗ ಅಥವಾ ಪಟ್ಟಿಗಳಿಂದ ಬಿಗಿದು, ಅದರ ಮೇಲೆ ಕುಳಿತು ಎಸೆಯುತ್ತಾರೆ. ಕೂರುವ ದಿಂಬೂ ಸೇರಿ ಅದರ ಎತ್ತರ 75 ಸೆಂಟಿಮೀಟರ್ ಮೀರಬಾರದು ಎಂಬುದು ಸ್ಪರ್ಧೆಯ ನಿಯಮ. ಅಳತೆ ಕೊಟ್ಟರೆ ಪುತ್ತೂರಿನ ಯಾವ ವೆಲ್ಡಿಂಗ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ಬಿಡುವಿರುವ ಕೈಗೆ ಹಿಡಿದುಕೊಳ್ಳಲು ಒಂದು ನೇರ ಕಂಬ ಇರಲಿ. ಮುಂದೆ ಯಾವತ್ತಾದರೂ ರಾಜ್ಯಮಟ್ಟದ ಕೂಟಕ್ಕೆ ಹೋಗುವ ಮನಸ್ಸಾದರೆ, ಹಳ್ಳಿಯಲ್ಲಿದ್ದುಕೊಂಡು ಸಿದ್ಧರಾಗಲು ಇದಕ್ಕಿಂತ ಒಳ್ಳೆಯ ವಿಭಾಗ ಇಲ್ಲ.

ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ನಿಮಗೆ ತುಂಬ ಹಿಡಿಸೀತು. ಅದರಲ್ಲಿ ಪ್ರತಿ ಆಟಗಾರನಿಗೂ ಮೈಯ ಹಿಡಿತವನ್ನು ನೋಡಿ 1ರಿಂದ 4.5ರವರೆಗೆ ಅಂಕ ಕೊಡುತ್ತಾರೆ. ಅಂಗಣದಲ್ಲಿರುವ ಐವರ ಮೊತ್ತ 14 ದಾಟುವಂತಿಲ್ಲ. ಆದ್ದರಿಂದ ನಿಮ್ಮಂತಹ ಕಡಿಮೆ ಅಂಕದ ಆಟಗಾರರನ್ನು ತಂಡಗಳೇ ಹುಡುಕುತ್ತವೆ. ಸೊಂಟದ ಹಿಡಿತ ಚೆನ್ನಾಗಿರುವವರನ್ನು ಮಾತ್ರ ತುಂಬಿಕೊಂಡರೆ ಮೊತ್ತ ಮೀರಿಹೋಗುತ್ತದೆ. ತೊಂದರೆ ಏನೆಂದರೆ ತಂಡ ಬೇಕು, ಆಟದ ಕುರ್ಚಿಗಳು ಬೇಕು, ಎರಡೂ ದೊಡ್ಡ ನಗರಗಳಲ್ಲೇ ಇವೆ. ಟೆನಿಸ್‌ನಲ್ಲಿ ಗಾಲಿಕುರ್ಚಿಯವರಿಗೆ ಚೆಂಡು ಎರಡು ಸಲ ಪುಟಿಯುವವರೆಗೆ ಅವಕಾಶ. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಣದಲ್ಲಿ ಗಾಲಿಕುರ್ಚಿ ಟೆನಿಸ್ ಪಂದ್ಯಾವಳಿಗಳು ನಡೆದಿವೆ. ಬೆಂಗಳೂರಿಗೆ ಹೋಗುವ ಸಂದರ್ಭ ಬಂದಾಗ ಒಂದು ಪಂದ್ಯ ನೋಡಿ ಬನ್ನಿ. ಕುರ್ಚಿಯನ್ನು ಹೇಗೆ ತಿರುಗಿಸುತ್ತಾರೆ ಎಂಬುದನ್ನು ಕಣ್ಣಾರೆ ನೋಡಿದರೆ ವಿಡಿಯೊದಲ್ಲಿ ಕಾಣದ್ದು ಕಾಣುತ್ತದೆ.

ಈಗ ಕುರ್ಚಿಯ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಆಟ ಶುರು ಮಾಡಿ ಬಿಟ್ಟವರಲ್ಲಿ ಬಹುಪಾಲು ಜನ ಬಿಟ್ಟದ್ದು ಕುರ್ಚಿಯಿಂದಾಗಿ. ಆಸ್ಪತ್ರೆಯಿಂದ ಬರುವಾಗ ಕೊಂಡದ್ದೋ ಶಿಬಿರದಲ್ಲಿ ಸಿಕ್ಕಿದ್ದೋ ಆದ, ಮಡಚುವ, ಜೋತುಬೀಳುವ ರೆಕ್ಸಿನ್ ಸೀಟಿನ, ಹದಿನೆಂಟು ಇಪ್ಪತ್ತು ಕಿಲೊ ತೂಗುವ ಕುರ್ಚಿ ನಿಮ್ಮಲ್ಲಿದ್ದರೆ, ಅದು ಮತ್ತೊಬ್ಬರು ತಳ್ಳಲೆಂದು ಮಾಡಿದ್ದು. ಅದರಲ್ಲಿ ಶಟಲ್ ಆಡಲು ಹೊರಟರೆ ಹೆಗಲು ಕೆಡುತ್ತದೆ. ನಿಮ್ಮ ಸೊಂಟದ ಅಗಲಕ್ಕೆ, ತೊಡೆಯ ಉದ್ದಕ್ಕೆ ಅಳತೆ ತೆಗೆದು ಮಾಡಿದ, ಹಿಂಬದಿಯ ಚಕ್ರದ ಅಚ್ಚನ್ನು ಸ್ವಲ್ಪ ಮುಂದಕ್ಕೆ ತಂದ ಹಗುರ ಕುರ್ಚಿ ಬೇಕು. ಅಚ್ಚು ಮುಂದಿದ್ದಷ್ಟೂ ತಳ್ಳುವುದು ಹಗುರ, ಆದರೆ ಹಿಂದಕ್ಕೆ ಉರುಳುವ ಅಪಾಯವೂ ಹೆಚ್ಚು. ಅದಕ್ಕಾಗಿ ಹಿಂದೆ ಒಂದು ಪುಟ್ಟ ತಡೆಚಕ್ರ ಹಾಕಿಸಬೇಕು. ಆಟದ ಕುರ್ಚಿಗಳ ಚಕ್ರಗಳು ಮೇಲೆ ಒಳಕ್ಕೂ ಕೆಳಗೆ ಹೊರಕ್ಕೂ ವಾಲಿರುವುದನ್ನು ನೀವು ನೋಡಿರಬಹುದು. ಆ ವಾಲಿನಿಂದ ಕುರ್ಚಿ ಬೇಗ ತಿರುಗುತ್ತದೆ, ಪಕ್ಕಕ್ಕೆ ಉರುಳುವುದಿಲ್ಲ. ಮೊದಲಿಗೇ ಅಂತಹ ಕುರ್ಚಿಗೆ ಹಣ ಸುರಿಯಬೇಕಾಗಿಲ್ಲ. ದಿನಬಳಕೆಗೆ ಚೆನ್ನಾಗಿ ಹೊಂದುವ ಒಂದು ಕುರ್ಚಿ, ಹೊಟ್ಟೆಯ ಕೆಳಗೆ ಅಡ್ಡ ಕಟ್ಟುವ ಅಗಲ ಪಟ್ಟಿ, ಪಾದಗಳು ಜಾರದಂತೆ ಹಿಮ್ಮಡಿಯ ಪಟ್ಟಿ, ಇಷ್ಟಿದ್ದರೆ ವರ್ಷವಿಡೀ ಆಡಬಹುದು.

ಐಐಟಿ ಮದ್ರಾಸ್‌ನಲ್ಲಿ ರೂಪುಗೊಂಡ ನಿಯೋಫ್ಲೈ ಎಂಬ ಅಳತೆಯ ಕುರ್ಚಿಯೂ ಅದರ ಮುಂದಕ್ಕೆ ಸಿಕ್ಕಿಸುವ ನಿಯೋಬೋಲ್ಟ್ ಎಂಬ ಬ್ಯಾಟರಿ ಚಕ್ರವೂ ಇವೆ. ಎರಡೂ ಸೇರಿದರೆ ಗಂಟೆಗೆ 25 ಕಿಲೊಮೀಟರ್‌ವರೆಗೆ ಹೋಗುವ ವಾಹನವಾಗುತ್ತದೆ. ಏರು ಇಳಿತದ ನಿಮ್ಮ ಊರಿನಲ್ಲಿ ಮನೆಯ ಅಂಗಳದಿಂದ ಡಾಂಬರು ರಸ್ತೆಯವರೆಗೆ ಹೋಗುವುದೇ ದೊಡ್ಡ ಸಾಹಸ ಎಂಬುದು ನನಗೆ ಗೊತ್ತು. ಅದಕ್ಕೆ ಇಂತಹ ಬ್ಯಾಟರಿ ಚಕ್ರ ಒಂದು ದಾರಿ, ಪಕ್ಕಚಕ್ರ ಜೋಡಿಸಿದ ಸ್ಕೂಟರ್ ಇನ್ನೊಂದು. ವಿಕಲಚೇತನರ ಸಬಲೀಕರಣ ಇಲಾಖೆ ಯಂತ್ರಚಾಲಿತ ದ್ವಿಚಕ್ರ ವಾಹನ ಕೊಡುವ ಯೋಜನೆ ನಡೆಸುತ್ತದೆ, ಅರ್ಜಿ ಹಾಕಿ. ಸ್ಕೂಟರ್ ಸೀಟಿನ ಮೇಲೂ ಕುರ್ಚಿಯ ದಿಂಬನ್ನೇ ಹಾಕಿಕೊಳ್ಳಿ, ಬೆನ್ನಿಗೆ ಆಸರೆ ಕಟ್ಟಿಸಿಕೊಳ್ಳಿ. ಸೈಲೆನ್ಸರ್ ಬಳಿ ಪಾದ ಜಾರದಂತೆ ತಡೆ ಇರಬೇಕು. ಸುಟ್ಟರೂ ನಿಮಗೆ ತಿಳಿಯುವುದಿಲ್ಲ, ಮನೆಗೆ ಬಂದು ಬೂಟು ಬಿಚ್ಚಿದಾಗಲೇ ಬೊಬ್ಬೆ ಕಾಣುವುದು.

ಮೈಯ ವಿಷಯದಲ್ಲಿ ನಾಲ್ಕು ಎಚ್ಚರಿಕೆಗಳಿವೆ. ಚರ್ಮದ ಮಾತು ಆಗಲೇ ಬಂತು: ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಎದೆಯನ್ನು ತೊಡೆಯ ಕಡೆ ಬಾಗಿಸಿ, ಒಂದೆರಡು ನಿಮಿಷ ಹಾಗೇ ಇದ್ದು ಪೃಷ್ಠಕ್ಕೆ ರಕ್ತ ಹರಿಯಲು ಬಿಡಿ. ಗೇಮ್ ಮುಗಿದಾಗಲೆಲ್ಲ ಬಾಗುವುದನ್ನು ರೂಢಿ ಮಾಡಿಕೊಂಡರೆ ಗಡಿಯಾರ ನೋಡಬೇಕಾಗಿಲ್ಲ. ಎರಡನೆಯದು ಕಾಲಿನ ಮೂಳೆ. ಭಾರ ಹೊರದ ಮೂಳೆ ಮೊದಲ ಒಂದೆರಡು ವರ್ಷಗಳಲ್ಲೇ ಬಹಳ ಸವೆಯುತ್ತದೆ, ಮೊಣಕಾಲಿನ ಸುತ್ತ ಹೆಚ್ಚು. ಕುರ್ಚಿಯಿಂದ ಮೆಲ್ಲಗೆ ಜಾರಿ ಬಿದ್ದರೂ ಮುರಿಯಬಹುದು, ನೋವೂ ಆಗದು. ಬಿದ್ದ ಮೇಲೆ ಒಂದು ಮೊಣಕಾಲು ಊದಿ ಬೆಚ್ಚಗಾದರೆ, ಕಾಲಿನ ಸೆಳೆತ ಇದ್ದಕ್ಕಿದ್ದಂತೆ ಹೆಚ್ಚಾದರೆ ಎಕ್ಸ್‌ರೇ ಮಾಡಿಸಿ. ಎಣ್ಣೆ ತಿಕ್ಕುವುದು, ಉಳುಕು ತೆಗೆಸುವುದು ಖಂಡಿತ ಬೇಡ.

ಮೂರನೆಯದು ಹೆಗಲು. ಇನ್ನು ಮುಂದೆ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡ್‌ಗೆ ಹೋಗಲು ನಿಮಗಿರುವುದು ಅವೇ ಎರಡು ಹೆಗಲು. ಚಕ್ರವನ್ನು ಚಿಕ್ಕಚಿಕ್ಕದಾಗಿ ಪಟಪಟನೆ ತಳ್ಳದೆ ಉದ್ದವಾಗಿ, ನಿಧಾನವಾಗಿ ತಳ್ಳಿ. ಕೈ ಕೆಳಗಿನಿಂದ ಸಹಜವಾಗಿ ಹಿಂದಕ್ಕೆ ಬರಲಿ. ತಳ್ಳುವುದರಿಂದ ಎದೆಯ ಮತ್ತು ಭುಜದ ಮುಂಭಾಗದ ಸ್ನಾಯುಗಳು ಮಾತ್ರ ಬಲಿಯುತ್ತವೆ. ಆದ್ದರಿಂದ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಹಿಂದಕ್ಕೆ ಎಳೆಯುವ ವ್ಯಾಯಾಮವನ್ನು ವಾರಕ್ಕೆ ಎರಡು ದಿನ ಮಾಡಿ. ಬೆನ್ನುಹುರಿ ಗಾಯದವರಿಗಾಗಿ ಅಂತರರಾಷ್ಟ್ರೀಯ ತಜ್ಞರು ರೂಪಿಸಿದ ಮಾರ್ಗಸೂಚಿ ಹೇಳುವುದೂ ಅಷ್ಟೇ: ಕಸುವು ಉಳಿಯಲು ವಾರಕ್ಕೆ ಎರಡು ಸಲ ಕನಿಷ್ಠ 20 ನಿಮಿಷ ಉಸಿರು ಏರುವಂತಹ ಚಟುವಟಿಕೆ, ಜೊತೆಗೆ ಎರಡು ಸಲ ಸ್ನಾಯುಬಲದ ವ್ಯಾಯಾಮ. ಹೃದಯ, ಸಕ್ಕರೆ, ಕೊಬ್ಬಿನ ಆರೋಗ್ಯಕ್ಕಾದರೆ 30 ನಿಮಿಷದಂತೆ ವಾರಕ್ಕೆ ಮೂರು ಸಲ. ಮೂರು ಸಂಜೆಯ ಶಟಲ್‌ನಲ್ಲಿ ಇದರ ಬಹುಭಾಗ ಆಗಿಹೋಗುತ್ತದೆ.

ನಾಲ್ಕನೆಯದನ್ನು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ: ಮೂತ್ರ ಮತ್ತು ಮಲ. ಎಲ್ಲರೆದುರು ಬಟ್ಟೆ ಒದ್ದೆಯಾದೀತೆಂಬ ಭಯಕ್ಕೇ ಮನೆಯಿಂದ ಹೊರಡದವರು ಇದ್ದಾರೆ. ಹಾಗೆಂದು ನೀರು ಕುಡಿಯುವುದನ್ನು ಬಿಟ್ಟು ಆಡಲು ಹೋಗುವುದು ಅದಕ್ಕಿಂತ ಕೆಟ್ಟದ್ದು, ಸೋಂಕೂ ಕಲ್ಲೂ ಅದರ ಹಿಂದೆಯೇ ಬರುತ್ತವೆ. ನೀವು ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ) ಹಾಕಿ ಆಗಾಗ ಮೂತ್ರ ತೆಗೆಯುವವರಾದರೆ ಹೊರಡುವ ಮುನ್ನ ಒಮ್ಮೆ ತೆಗೆಯಿರಿ, ಆಡುವಾಗ ಗುಟುಕು ಗುಟುಕಾಗಿ ನೀರು ಕುಡಿಯಿರಿ, ಮುಗಿದ ಕೂಡಲೇ ಮತ್ತೆ ತೆಗೆಯಿರಿ. ಅಂಗಣದಲ್ಲಿ ಕುರ್ಚಿ ಹೋಗುವ ಶೌಚಾಲಯ ಇಲ್ಲದಿದ್ದರೆ ಕಾರಿನ ಹಿಂದಿನ ಸೀಟೂ ಆದೀತು, ಕೈ ಚೊಕ್ಕವಾಗಿರಬೇಕು ಅಷ್ಟೇ. ಮಲವಿಸರ್ಜನೆಯನ್ನು ಬೆಳಗಿನ ನಿಗದಿತ ಹೊತ್ತಿಗೆ ಪಳಗಿಸಿಕೊಂಡಿದ್ದರೆ ಸಂಜೆ ಚಿಂತೆ ಇಲ್ಲ. ಒಬ್ಬ ಗೆಳೆಯನಿಗಾದರೂ ಇದೆಲ್ಲ ಗೊತ್ತಿರಲಿ. ಒಬ್ಬನಿಗೆ ಹೇಳಿಕೊಂಡರೆ ಉಳಿದವರೆದುರು ಮುಚ್ಚಿಡುವ ಆತಂಕ ಇಳಿಯುತ್ತದೆ.

ಇದನ್ನು ಓದುತ್ತಿರುವವರಲ್ಲಿ ನಿಮಗಿಂತ ಮೇಲಿನ ಮಟ್ಟದ, ಅಂದರೆ ಟಿ6 ಅಥವಾ ಅದಕ್ಕಿಂತ ಮೇಲೆ ಗಾಯವಾದವರೂ ಇರಬಹುದು. ಅವರಿಗೆ ಇನ್ನೆರಡು ಮಾತು. ಒಂದು, ಗಾಯದ ಕೆಳಗೆ ಬೆವರುವುದಿಲ್ಲವಾದ್ದರಿಂದ ಕರಾವಳಿಯ ಸೆಕೆಯಲ್ಲಿ ಮೈ ಬಿಸಿ ಥಟ್ಟನೆ ಏರುತ್ತದೆ. ಸಿಂಪಡಿಸುವ ಬಾಟಲಿಯಲ್ಲಿ ನೀರು ಇಟ್ಟುಕೊಂಡು ಮುಖ, ಕತ್ತು, ತೋಳುಗಳನ್ನು ತೋಯಿಸುತ್ತಿರಬೇಕು. ಇನ್ನೊಂದು ಪ್ರಾಣಾಪಾಯದ್ದು. ಮೂತ್ರಕೋಶ ತುಂಬಿದಾಗ, ಕ್ಯಾತಿಟರ್ ಮಡಚಿಕೊಂಡಾಗ, ಆಟದ ಪಟ್ಟಿ ತೀರಾ ಬಿಗಿಯಾದಾಗ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪೇರುವುದು, ಗಾಯದ ಮೇಲ್ಭಾಗದಲ್ಲಿ ಬೆವರು ಕಾಣಿಸಿದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರುತ್ತಿದೆ ಎಂದು ಅರ್ಥ. ಮಲಗಿಸಬಾರದು. ನೇರ ಕೂರಿಸಿ, ಪಟ್ಟಿ ಬಟ್ಟೆಗಳನ್ನು ಸಡಿಲಿಸಿ, ಮೂತ್ರ ತೆಗೆಯಬೇಕು. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ. ಕುತ್ತಿಗೆಯ ಮಟ್ಟದ ಗಾಯದಿಂದ ಕೈಬೆರಳುಗಳೂ ಸೋತವರಿಗೆ ಬೊಚ್ಚಾ ಎಂಬ ಆಟವಿದೆ. ಬಿಳಿ ಚೆಂಡಿಗೆ ಯಾರ ಚೆಂಡು ಹತ್ತಿರ ಎಂದು ನೋಡುವ ಆಟ, ಗೋಲಿಯಾಟ ಆಡಿದವರಿಗೆ ಅರ್ಧ ಬಂದಂತೆಯೇ. ಕುರ್ಚಿಗೆ ಕುರ್ಚಿ ಢಿಕ್ಕಿ ಹೊಡೆಸುವ ಗಾಲಿಕುರ್ಚಿ ರಗ್ಬಿಯನ್ನು 1970ರ ದಶಕದಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟುಹಾಕಿದವರೂ ಇಂತಹ ಕುತ್ತಿಗೆಯ ಗಾಯದವರೇ. ಕೈಯಲ್ಲಿ ಬಲವಿಲ್ಲವೆಂದು ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೆಂಚಿಗೇ ಸೀಮಿತವಾಗಿ ಬೇಸತ್ತಿದ್ದರು.

ನೀರಿನ ವಿಷಯ ಕೇಳಿಲ್ಲ, ಆದರೂ ಕೇಳುತ್ತೀರೆಂದು ಗೊತ್ತು. ಹೊಳೆ, ಕೆರೆಗಳಲ್ಲಿ ಈಜಿ ಬೆಳೆದವರು ನೀವು. ಈಜು ಬಹಳ ಒಳ್ಳೆಯದು, ನೀರಿನಲ್ಲಿ ಕುರ್ಚಿಯ ಹಂಗೇ ಇರುವುದಿಲ್ಲ. ಆದರೆ ಹೊಳೆಯ ಪಾಚಿಗಲ್ಲು ಬೇಡ, ಸಮುದ್ರವೂ ಬೇಡ. ಮೊದಲು ಈಜುಕೊಳದಲ್ಲಿ, ಪಕ್ಕದಲ್ಲಿ ಒಬ್ಬರಿರುವಾಗ ಮಾತ್ರ. ಕಾಲುಗಳು ಹಿಂದಿನಂತೆ ತೇಲುವುದಿಲ್ಲ, ನಿಮ್ಮ ತೂಕದ ಲೆಕ್ಕವೇ ಬದಲಾಗಿರುತ್ತದೆ. ಕೊಳದ ಅಂಚಿಗೂ ನೆಲಕ್ಕೂ ಪಾದ ತರಚದಂತೆ ಕಾಲುಚೀಲ ಹಾಕಿಕೊಳ್ಳಿ, ಅಂಚಿನಲ್ಲಿ ದಪ್ಪ ಸ್ಪಂಜಿನ ಹಾಸು ಹಾಕಿ ಅದರ ಮೇಲೆ ಇಳಿಯಿರಿ. ಮೈಮೇಲೆ ಎಲ್ಲಾದರೂ ಹುಣ್ಣಿದ್ದರೆ ಅದು ಮಾಯುವವರೆಗೆ ನೀರು ಬೇಡ.

ಇನ್ನು ಆಟವಲ್ಲದ ಹವ್ಯಾಸಗಳು. ನಿಮ್ಮ ಊರಿನವರಿಗೆ ನಾನು ಒತ್ತಿ ಹೇಳುವುದು ತಾಳಮದ್ದಳೆ. ಯಕ್ಷಗಾನದಲ್ಲಿ ಕುಣಿತ ಬೇಕು, ತಾಳಮದ್ದಳೆಯಲ್ಲಿ ಎಲ್ಲರೂ ಕುಳಿತೇ ಇರುತ್ತಾರೆ. ಭೀಷ್ಮನೂ ಕುಳಿತೇ ಮಾತನಾಡುತ್ತಾನೆ, ಕೃಷ್ಣನೂ ಕುಳಿತೇ. ಗಾಲಿಕುರ್ಚಿಯಲ್ಲಿ ಬಂದ ಅರ್ಥಧಾರಿಗೆ ಯಾವ ರಿಯಾಯಿತಿಯೂ ಬೇಕಾಗಿಲ್ಲ, ಪ್ರತ್ಯೇಕ ವಿಭಾಗವೂ ಬೇಕಾಗಿಲ್ಲ. ಪ್ರಸಂಗದ ಪದ್ಯ ಓದಿಕೊಳ್ಳಲು, ವಾದಕ್ಕೆ ಸಿದ್ಧವಾಗಲು ಹಗಲೆಲ್ಲ ಕೆಲಸ ಸಿಗುತ್ತದೆ, ರಾತ್ರಿ ಜನರ ನಡುವೆ ಕೂರುವ ಅವಕಾಶ ಸಿಗುತ್ತದೆ. ಮಾತಿನ ಚಟ ಇದ್ದರೆ ಊರಿನ ಸಂಘಕ್ಕೆ ಹೇಳಿ ಒಂದು ಸಣ್ಣ ಪಾತ್ರ ಕೇಳಿ ನೋಡಿ. ಗಾಳ ಹಾಕುವುದೂ ಆಗುತ್ತದೆ, ಇಳಿಜಾರಿನ ದಂಡೆಯಲ್ಲಿ ಬ್ರೇಕನ್ನು ಮಾತ್ರ ನಂಬದೆ ಚಕ್ರಕ್ಕೆ ಕಲ್ಲು ಕೊಡಿ. ಕೇರಂ, ಚೆನ್ನೆಮಣೆ ಮನೆಯೊಳಗೆ ಇದ್ದೇ ಇವೆ. ಅವುಗಳ ಒಂದೇ ದೋಷ, ಅವು ನಿಮ್ಮನ್ನು ಮನೆಯೊಳಗೇ ಇಡುತ್ತವೆ.

ಒಂದು ಕೆಲಸಕ್ಕೆ ಮಾತ್ರ ಬೇಗ ಒಪ್ಪಬೇಡಿ: ವಾಲಿಬಾಲ್ ಪಂದ್ಯಕ್ಕೆ ಅಂಪೈರ್ ಆಗುವುದಕ್ಕೆ. ಗೆಳೆಯರು ಪ್ರೀತಿಯಿಂದಲೇ ಕರೆಯುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಮೊದಲಿಗೇ ಸೀಟಿ ಹಿಡಿದು ಕೂತರೆ ನಿಮ್ಮ ಜಾಗ ಗೆರೆಯ ಹೊರಗೆ ಎಂದು ಅವರಿಗೂ ನಿಮಗೂ ರೂಢಿಯಾಗಿಬಿಡುತ್ತದೆ. ನೀವೇ ಆಡುವ ಒಂದು ಆಟ ಕೈಗೆ ಬಂದ ಮೇಲೆ ಬೇಕಾದರೆ ಅಂಪೈರ್ ಆಗಿ, ತರಬೇತುದಾರರೂ ಆಗಿ.

ಎಲ್ಲಿ ಕೇಳಬೇಕು? ನಿಮಗೆ ಹತ್ತಿರದ್ದು ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಸಮೀಪದ ಸೌತಡ್ಕದಲ್ಲಿರುವ ಸೇವಾಧಾಮ. ಕನ್ಯಾಡಿಯ ಸೇವಾಭಾರತಿ ಸಂಸ್ಥೆ ನಡೆಸುವ ಇದು ಬೆನ್ನುಹುರಿಯ ಗಾಯದವರಿಗಾಗಿಯೇ ಇರುವ ಪುನಶ್ಚೇತನ ಕೇಂದ್ರ. ಅಲ್ಲಿಗೆ ಹೋಗಲು ಮುಖ್ಯ ಕಾರಣ ಚಿಕಿತ್ಸೆಗಿಂತಲೂ ಅಲ್ಲಿ ಸಿಗುವ ಜನ. ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರು ನಿಮ್ಮ ಸುತ್ತಮುತ್ತ ಎಷ್ಟು ಮಂದಿ ಇದ್ದಾರೆಂಬುದು ಆಗ ತಿಳಿಯುತ್ತದೆ, ಶಟಲ್‌ಗೆ ಜೋಡಿಯೂ ಅಲ್ಲೇ ಸಿಕ್ಕಬಹುದು. ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಬೆನ್ನುಹುರಿ ಗಾಯದವರ ಪುನಶ್ಚೇತನವನ್ನೂ ನಡೆಸುತ್ತದೆ. ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆಯ ಪುನಶ್ಚೇತನ ಸಂಸ್ಥೆಗೆ ಮೇರಿ ವರ್ಗೀಸ್ ಅವರ ಹೆಸರಿದೆ. 1954ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗೆ ಶಕ್ತಿ ಕಳೆದುಕೊಂಡು, ಗಾಲಿಕುರ್ಚಿಯಲ್ಲೇ ಕುಳಿತು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ ಅವರು. ಅಲ್ಲಿ ನಡೆಯುವ ರಿಹ್ಯಾಬ್ ಮೇಳದಲ್ಲಿ ಹಳೆಯ ರೋಗಿಗಳು ಮತ್ತೆ ಸೇರಿ ಆಡುತ್ತಾರೆ, ಹಾಡುತ್ತಾರೆ.

ಕಾಗದಪತ್ರಗಳಲ್ಲಿ ಮೊದಲು ಬೇಕಾದದ್ದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ. ವಾಹನ ಯೋಜನೆಗೂ ಬೇಕು, ಕ್ರೀಡಾಕೂಟಕ್ಕೂ ಬೇಕು. ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದರೆ ಅರ್ಜಿಯ ಓಡಾಟ ಅರ್ಧ ಕಡಿಮೆಯಾಗುತ್ತದೆ. ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗಾಗಿ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ತೆಗೆದಿಡಬೇಕು. ಊರಿನ ಆಟದಂಗಳಕ್ಕೆ ಒಂದು ಇಳಿಜಾರು ದಾರಿ ಮಾಡಿಸಲು ಆ ಹಣದಿಂದ ಕೇಳಿ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 29 ಮತ್ತು 30ನೆಯ ಕಲಮುಗಳು ಮನರಂಜನೆ ಮತ್ತು ಕ್ರೀಡೆಯ ಬಗ್ಗೆಯೇ ಇವೆ. ಅರ್ಜಿಯಲ್ಲಿ ಆ ಎರಡು ಸಂಖ್ಯೆಗಳನ್ನು ಬರೆದರೆ ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಈ ವಾರ ಮಾಡಬೇಕಾದದ್ದು ಇಷ್ಟು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಹೊಸ ಎಕ್ಸ್‌ರೇ ತೋರಿಸಿ, ಮೂಳೆ ಕೂಡಿದೆಯೇ, ಸೊಂಟ ತಿರುಗಿಸಿ ಹೊಡೆಯಲು ಅಡ್ಡಿಯಿದೆಯೇ ಎಂದು ಕೇಳಿ. ತಂದೆಯವರನ್ನೂ ಕರೆದುಕೊಂಡು ಹೋಗಿ; ನಡಿಗೆಯ ಬಗ್ಗೆ ಅವರ ಪ್ರಶ್ನೆಯನ್ನು ಅವರೇ ಕೇಳಲಿ, ಉತ್ತರವನ್ನು ವೈದ್ಯರ ಬಾಯಿಂದಲೇ ಕೇಳಿಸಿಕೊಳ್ಳಲಿ. ಒಪ್ಪಿಗೆ ಸಿಕ್ಕರೆ ಮೊದಲ ಸಂಜೆ ಇಪ್ಪತ್ತು ನಿಮಿಷ ಮಾತ್ರ ಆಡಿ. ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ಪೃಷ್ಠ, ಬಾಲಮೂಳೆ, ಹಿಮ್ಮಡಿಗಳನ್ನು ನೋಡಿಕೊಳ್ಳಿ. ಕೆಂಪಾಗಿದ್ದರೆ ಆ ಜಾಗಕ್ಕೆ ಭಾರ ಬೀಳದಂತೆ ಪಕ್ಕಕ್ಕೆ ಹೊರಳಿ ಮಲಗಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಕೆಂಪು ಮಾಯವಾಗಿದ್ದರೆ ಒಂದು ದಿನ ಬಿಟ್ಟು ಆಡಬಹುದು. ಉಳಿದಿದ್ದರೆ ಅದು ಪೂರ್ತಿ ಹೋಗುವವರೆಗೆ ಕುರ್ಚಿಯಲ್ಲಿ ಕೂರುವುದನ್ನೇ ಕಡಿಮೆ ಮಾಡಿ, ಮತ್ತೆ ಅಂಗಣಕ್ಕೆ ಹೋಗುವ ಮೊದಲು ದಿಂಬನ್ನು ಬದಲಾಯಿಸಿ.